ಅರವತ್ತು ಎಲೆಯ ಲೆಕ್ಕ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ವರದಕ್ಷಿಣೆ, ದೌರ್ಜನ್ಯದ ಬಗ್ಗೆ ಮಾತಾಡಿ ಅಂತ ಕರೆದರೆ ಈ ಹೆಂಗಸು ಒಬ್ಬಟ್ಟು, ಚಿತ್ರಾನ್ನ ಅಂತ ಶುರು ಮಾಡಿದಳಲ್ಲ ಎಂದು ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ. ನನ್ನ ಬದುಕಿನಲ್ಲಿ ನಾನು ಮೊದಲ ಏಟು ತಿಂದದ್ದು ಒಂದು ಊಟದ ಕಾರಣಕ್ಕೆ. ಅತಿ ದೊಡ್ಡ ಸಾಲಕ್ಕೆ ಬೀಳಲಿದ್ದದ್ದೂ ಒಂದು ಊಟದ ಕಾರಣಕ್ಕೇ. ಹಾಗಾಗಿ ಮನೆಯಲ್ಲಿ ಅರವತ್ತು ಜನಕ್ಕೆ ಊಟ ಹಾಕುವುದು ಹೇಗೆ ಅನ್ನುವುದನ್ನೇ ಇವತ್ತು ಹೇಳುತ್ತೇನೆ. ಅಕ್ಕಿ ಅಳತೆಯಿಂದ ಹಿಡಿದು ಪಾತ್ರೆ ತೊಳೆಯುವವರೆಗೆ.

ನನ್ನ ಮದುವೆ ಆದದ್ದು 1989ರಲ್ಲಿ, ಹತ್ತೊಂಬತ್ತು ವಯಸ್ಸಿಗೆ. ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು, "ಇವತ್ತು ನಮ್ಮ ಕಡೆಯವರು ಇಪ್ಪತ್ತು ಜನ ಊಟಕ್ಕೆ ಬರ್ತಾರೆ" ಅಂದರು. ಬೆಳಿಗ್ಗೆ ಹೇಳಿದ್ದು, ಮಧ್ಯಾಹ್ನಕ್ಕೆ ಊಟ. ಬಂದವರು ಮೂವತ್ತೆರಡು ಜನ. ಎರಡನೇ ಪಂಕ್ತಿಯ ನಡುವಿನಲ್ಲಿ ಅನ್ನ ಮುಗಿಯಿತು. ಅವರು ಒಳಗೆ ಬಂದು ತಪ್ಪಲೆ ನೋಡಿದರು, ಪಕ್ಕದಲ್ಲಿದ್ದ ಸೌಟು ತೆಗೆದುಕೊಂಡು ನನ್ನ ತೋಳಿಗೆ ಬಾರಿಸಿದರು. ಹೊರಗೆ ಕೂತವರಿಗೆಲ್ಲ ಶಬ್ದ ಕೇಳಿಸಿತು. ಯಾರೂ ಎಲೆಯಿಂದ ಏಳಲಿಲ್ಲ. ನಮ್ಮ ಅತ್ತೆ ಆಮೇಲೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, "ಅನ್ನ ಕಮ್ಮಿ ಬಿದ್ರೆ ಯಾವ ಗಂಡಸಿಗೆ ಕೋಪ ಬರಲ್ಲ ಹೇಳವ್ವ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ನನಗೂ ಅದೇ ನಿಜ ಅನ್ನಿಸಿತು. ಎಷ್ಟೋ ವರ್ಷ ನನ್ನ ಅಳತೆಯೇ ತಪ್ಪಿತ್ತು ಅಂದುಕೊಂಡಿದ್ದೆ. ಇಪ್ಪತ್ತು ಅಂತ ಹೇಳಿ ಮೂವತ್ತೆರಡು ಜನರನ್ನು ಕರೆತಂದವರ ಲೆಕ್ಕ ತಪ್ಪಿತ್ತು ಅನ್ನುವುದು ಆ ಮನೆಯಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ, ನನ್ನ ತಲೆಗೂ.

ಸರ್ಕಾರದವರು ಮಾಡುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಇರುತ್ತದೆ, ನಿಮಗೆ ಗೊತ್ತೆ? ಗಂಡ ಹೆಂಡತಿಯನ್ನು ಯಾವ ಯಾವ ಕಾರಣಕ್ಕೆ ಹೊಡೆದರೆ ಅದು ಸರಿ ಅಂತ ಕೇಳುತ್ತಾರೆ. ಅದರಲ್ಲಿ ಒಂದು ಕಾರಣ, ಅಡಿಗೆ ಸರಿಯಾಗಿ ಮಾಡದಿದ್ದರೆ ಅನ್ನುವುದು. 2019ರಿಂದ 2021ರವರೆಗೆ ನಡೆದ ಸಮೀಕ್ಷೆಯಲ್ಲೂ ಅದನ್ನು ಕೇಳಿದ್ದಾರೆ, ಹೆಂಗಸರನ್ನೂ ಕೇಳಿದ್ದಾರೆ, ಗಂಡಸರನ್ನೂ ಕೇಳಿದ್ದಾರೆ. 1989ರಲ್ಲಿ ನನ್ನನ್ನು ಯಾರಾದರೂ ಕೇಳಿದ್ದರೆ ನಾನು "ಸರಿ" ಅಂತಲೇ ಬರೆಸುತ್ತಿದ್ದೆ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ ಕಾನೂನು ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಹೊಡೆತ ಒಂದೇ ಅಲ್ಲ, ಬೈಗುಳ, ಹೀಯಾಳಿಕೆ, ಮನೆ ನಡೆಸಲು ಬೇಕಾದ ದುಡ್ಡು ಕೊಡದೆ ಸತಾಯಿಸುವುದು, ಎಲ್ಲವೂ ಅದರೊಳಗೆ ಬರುತ್ತವೆ. ಸೌಟಿನ ಏಟೂ ಬರುತ್ತದೆ. 181ಕ್ಕೆ ಫೋನು ಮಾಡಬಹುದು. ಇದನ್ನು ನೀವು ಹಿಂದೆಯೂ ಕೇಳಿದ್ದೀರಿ, ಹೆಚ್ಚು ಹೇಳುವುದಿಲ್ಲ.

ಈಗ ಎರಡನೇ ಊಟಕ್ಕೆ ಬರುತ್ತೇನೆ. 2023ರ ಮಾರ್ಚ್. ಮಗಳಿಗೆ ಏಳು ತಿಂಗಳು ತುಂಬುತ್ತಿತ್ತು. ಬೀಗರಿಂದ ಫೋನು ಬಂತು: ಸೀಮಂತ ಚೌಲ್ಟ್ರಿಯಲ್ಲಿ ಆಗಬೇಕು, ಅವರ ಕಡೆಯಿಂದಲೇ ಇನ್ನೂರು ಜನ, ಒಟ್ಟು ಮುನ್ನೂರು ಎಲೆ, ಮೂರು ಸಿಹಿ, ಅಳಿಯನಿಗೆ ಒಂದು ಉಂಗುರ. "ನಾವೇನೂ ಕೇಳ್ತಿಲ್ಲ, ಎಲ್ರೂ ಮಾಡೋದೇ ಅಲ್ವಾ" ಅಂತಲೂ ಸೇರಿಸಿದರು. ವರದಕ್ಷಿಣೆ ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ. 1961ರ ಕಾನೂನು ಮದುವೆಗೆ ಮೊದಲು ಕೊಟ್ಟದ್ದನ್ನೂ, ಮದುವೆಯಲ್ಲಿ ಕೊಟ್ಟದ್ದನ್ನೂ, ಮದುವೆಯ ಸಂಬಂಧವಾಗಿ ಆಮೇಲೆ ಕೊಟ್ಟದ್ದನ್ನೂ ಹೇಳುತ್ತದೆ. ಆದರೆ ಊಟ ಜಾರಿಕೊಂಡುಬಿಡುತ್ತದೆ, ನೋಡಿ. ಉಂಗುರಕ್ಕೆ ರಸೀತಿ ಇರುತ್ತದೆ. ಮುನ್ನೂರು ಜನ ಉಂಡು ಎದ್ದು, ಎಲೆ ಎತ್ತಿ ತಿಪ್ಪೆಗೆ ಹಾಕಿದ ಮೇಲೆ ಸಾಕ್ಷಿ ಏನುಳಿಯುತ್ತದೆ? ಹುಡುಗಿಯ ತಾಯಿಯ ಹೆಸರಿನಲ್ಲಿ ಸಾಲ ಉಳಿಯುತ್ತದೆ.

ಒಂದು ಎಲೆಗೆ 200 ರೂಪಾಯಿ ಅಂತ ಅಡಿಗೆ ಗುತ್ತಿಗೆಯವರು ಹೇಳಿದರು. ಮುನ್ನೂರು ಎಲೆಗೆ 60,000. ಚೌಲ್ಟ್ರಿ ಬಾಡಿಗೆ, ಉಂಗುರ ಬೇರೆ. ನಾನು ಸಂಘದಲ್ಲಿ 60,000ಕ್ಕೆ ಅರ್ಜಿ ಹಾಕಿದೆ. ಉದ್ದೇಶ ಅನ್ನುವ ಕಡೆ "ಹಸು" ಅಂತ ಬರೆಸಿದೆ. ನಗಬೇಡಿ, ನಿಮ್ಮ ಸಂಘಗಳ ಪುಸ್ತಕದಲ್ಲಿ ಎಷ್ಟು ಹಸು, ಎಷ್ಟು ಹೊಲಿಗೆ ಯಂತ್ರ ಇವೆಯೋ, ಊರಿನಲ್ಲಿ ಎಷ್ಟು ಇವೆಯೋ, ಒಂದು ದಿನ ಎಣಿಸಿ ನೋಡಿ. ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದ್ದು ಬಡ ಹೆಂಗಸರಿಗೆ ಬಡ್ಡಿ ಸಾಹುಕಾರರ ಕಾಟ ತಪ್ಪಲಿ, ಕೈಗೊಂದು ಬಂಡವಾಳ ಸಿಗಲಿ ಅಂತ. ಆ ದುಡ್ಡು ನಮ್ಮ ಕೈಯಿಂದಲೇ ಬೀಗರ ಎಲೆಗೆ ಹೋಗುತ್ತಿದೆ.

ನಮ್ಮ ಸಂಘದಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಎಲ್ಲರಿಗಿಂತ ಚಿಕ್ಕವಳು. ಅರ್ಜಿ ಓದಿದಾಗ ಅವಳು ಮುಗ್ಧವಾಗಿ, "ಯಾವ ಹಸು, ಅಕ್ಕ? ನಿಮ್ಮನೇಲಿ ಕೊಟ್ಟಿಗೇನೇ ಇಲ್ವಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಗಲು ಹೋಗಿ ಅತ್ತುಬಿಟ್ಟೆ. ಆಮೇಲೆ ನಿಜ ಹೇಳಿದೆ. ಅವಳೇ ಸ್ಲೇಟು ತಂದು ಲೆಕ್ಕ ಹಾಕಿದಳು: ನಮ್ಮಲ್ಲಿ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, 60,000ಕ್ಕೆ ಮೊದಲ ತಿಂಗಳೇ 1,200. ಅಸಲು ಬೇರೆ.

ಸಾಲ ಬೇಡ ಅನ್ನುವುದು ಸುಲಭ. ಆದರೆ ಆ ಮನೆಯಲ್ಲಿ ಬಾಳಬೇಕಾದವಳು ನಾನಲ್ಲ. ಹಾಗಾಗಿ ಮೊದಲು ಮಗಳನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಕೊಟ್ರೆ ತೊಟ್ಟಿಲಿಗೆ ಇನ್ನೊಂದು ಕೇಳ್ತಾರೆ ಅಮ್ಮ. ಬೇಡ. ಆದ್ರೆ ಬೇಡ ಅಂದಿದ್ದು ನಾನು ಅಂತ ಮಾತ್ರ ಹೇಳ್ಬೇಡ" ಅಂದಳು. ಸರಿ, ಕೆಟ್ಟ ಹೆಸರು ನನಗೇ ಇರಲಿ ಅಂತ ಒಪ್ಪಿದೆ. ಆ ದಿನದಿಂದ ದಿನಾ ಸಂಜೆ ಫೋನು ಮಾಡುವುದು ಅಂತ ಇಟ್ಟುಕೊಂಡೆವು. "ಉಪ್ಪಿನಕಾಯಿ ಕಳಿಸಮ್ಮ" ಅಂದರೆ ಬಂದು ಕರೆದುಕೊಂಡು ಹೋಗು ಅಂತ ಅರ್ಥ. ಹೆಣ್ಣುಮಕ್ಕಳನ್ನು ಕೊಟ್ಟವರೆಲ್ಲ ಇಂಥ ಒಂದು ಮಾತು ಇಟ್ಟುಕೊಳ್ಳಿ. ಪಕ್ಕದಲ್ಲಿ ಯಾರು ನಿಂತಿದ್ದರೂ ಆಡಬಹುದಾದ ಮಾತಾಗಿರಬೇಕು.

ಬೀಗಿತ್ತಿಗೆ ನಾನೇ ಫೋನು ಮಾಡಿದೆ. "ನಮ್ಮ ಮನೆ ಅಂಗಳದಲ್ಲೇ ಅರವತ್ತು ಎಲೆ ಹಾಕ್ತೀವಿ. ನಿಮ್ಮ ಕಡೆಯಿಂದ ಮೂವತ್ತು ಜನ ಬನ್ನಿ. ಉಂಗುರ ನಮ್ಮ ಕೈಲಾಗಲ್ಲ." ಎರಡು ದಿನ ಆ ಕಡೆಯಿಂದ ಸದ್ದಿಲ್ಲ. ಮೂರನೇ ದಿನ ಅವರ ಭಾವ ಫೋನು ಮಾಡಿ ಮರ್ಯಾದೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕೇಳಿಸಿಕೊಂಡೆ. ಕೊನೆಗೆ, "ಅಡಿಗೆ ಯಾರು ಮಾಡ್ತಾರೆ?" ಅಂದರು. ಆ ಪ್ರಶ್ನೆಯ ಅರ್ಥ ನಿಮಗೂ ಗೊತ್ತು, ನನಗೂ ಗೊತ್ತು. "ನಮ್ಮ ಸಂಘದವರು" ಅಂದೆ.

ಇನ್ನು ಲೆಕ್ಕ. ಮೊದಲು ಹೆಸರು ಬರೆಯಬೇಕು. "ಅವರ ಮನೆಯವರು", "ಇವರ ಮನೆಯವರು" ಅಂತ ಮನೆ ಲೆಕ್ಕ ಬರೆಯಬೇಡಿ, ಒಂದೊಂದೇ ತಲೆ ಬರೆಯಿರಿ. ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಒಂದು ಎಲೆ. ಆ ಪಟ್ಟಿಯನ್ನು ಮನೆಯ ಗಂಡಸರಿಗೆ ಓದಿ ಹೇಳಿ, ಇದಕ್ಕಿಂತ ಹೆಚ್ಚಾಗಿ ಯಾರನ್ನು ಕರೆದರೂ ಹೆಸರು ಇಲ್ಲಿ ಬರೆಯಬೇಕು ಅಂತ ಗೋಡೆಗೆ ತೂಗುಹಾಕಿ. ನಾನು ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಿದೆ. ನಮ್ಮ ಯಜಮಾನರು ಅದರ ಮುಂದೆ ನಿಂತು ಎರಡು ಹೆಸರು ಸೇರಿಸಿದರು, ಸ್ವಂತ ಕೈಯಲ್ಲಿ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ.

ಆಮೇಲೆ ಏನು ಮಾಡುವುದು ಅನ್ನುವ ಪ್ರಶ್ನೆ. ನಮ್ಮ ಕಡೆ ಸೀಮಂತ ಅಂದರೆ ಒಬ್ಬಟ್ಟು ಬೇಕು. ಬೀಗರೂ ಅದನ್ನು ಬಿಡಲು ಒಪ್ಪಲಿಲ್ಲ. ತಲೆಗೆ ಎರಡರಂತೆ ಅರವತ್ತು ಜನಕ್ಕೆ 120, ಕೈಯಲ್ಲಿ ಇಪ್ಪತ್ತು ಇರಲಿ ಅಂದರೆ 140 ಒಬ್ಬಟ್ಟು. ಬೇಳೆ ಬೇಯಿಸಿ, ಬಸಿದು, ರುಬ್ಬಿ, ತಟ್ಟಿ, ಹಂಚಿನ ಮುಂದೆ ನಿಂತು ಬೇಯಿಸುವುದು ಮೂವರು ಹೆಂಗಸರಿಗೆ ಅರ್ಧ ದಿನದ ಕೆಲಸ. ಆ ಅರ್ಧ ದಿನ ಯಾರ ಸೊಂಟದಿಂದ ಬರುತ್ತದೆ ಅಂತ ಮೊದಲು ಕೇಳಬೇಕು. ನಮ್ಮ ಸಂಘದ ಒಬ್ಬ ಅಕ್ಕ ಒಬ್ಬಟ್ಟು ಮಾಡಿ ಮಾರಿಯೇ ಮನೆ ನಡೆಸುತ್ತಾರೆ. ಅವರಿಗೆ ಹೇಳಿದೆವು, ಒಂದಕ್ಕೆ 15 ರೂಪಾಯಿ. ಬೇಳೆ ಬಸಿದ ಕಟ್ಟನ್ನೂ ನಮಗೇ ಕೊಡಬೇಕು ಅಂತ ಮೊದಲೇ ಮಾತಾಡಿಕೊಂಡೆವು. ಒಬ್ಬಟ್ಟಿನ ಸಾರು ಆ ಕಟ್ಟಿನಿಂದಲೇ ಆಗುತ್ತದೆ, ಬೇರೆ ಬೇಳೆಯ ಖರ್ಚಿಲ್ಲ. ಆದರೆ ಬೇಸಿಗೆಯಲ್ಲಿ ಕಟ್ಟು ಹಳಸುತ್ತದೆ. ಬಂದ ಸಂಜೆಯೇ ಒಂದು ಸಲ ಕುದಿಸಿ, ಬೆಳಿಗ್ಗೆ ಮಸಾಲೆ ಹಾಕಿ ಇನ್ನೊಂದು ಸಲ ಚೆನ್ನಾಗಿ ಕುದಿಸಬೇಕು.

ಉಳಿದದ್ದು ಹೆಸರುಬೇಳೆ ಕೋಸಂಬರಿ, ಬೀನ್ಸ್ ಪಲ್ಯ, ಚಿತ್ರಾನ್ನ, ಹಪ್ಪಳ, ಅನ್ನ, ಮೊಸರು. ಅಷ್ಟೇ. ಹುಳಿ ಬೇಡ, ಪಲಾವು ಬೇಡ, ಎರಡನೇ ಸಿಹಿ ಬೇಡ. ಒಂದು ಬಗೆ ಹೆಚ್ಚಾದರೆ ಒಂದು ಪಾತ್ರೆ, ಒಂದು ಒಲೆ, ಬಡಿಸುವ ಒಂದು ಕೈ ಹೆಚ್ಚು ಬೇಕಾಗುತ್ತದೆ. ಅಳತೆ ಕೇಳುವವರಿಗೆ ಹೇಳುತ್ತೇನೆ, ಬರೆದುಕೊಳ್ಳಿ. ಅರವತ್ತು ಎಲೆಗೆ ಅನ್ನಕ್ಕೆ 5 ಕಿಲೋ ಅಕ್ಕಿ, ಚಿತ್ರಾನ್ನಕ್ಕೆ 2 ಕಿಲೋ. ಕೋಸಂಬರಿಗೆ 1 ಕಿಲೋ ಹೆಸರುಬೇಳೆ. ನೆನೆದರೆ ಎರಡರಷ್ಟಾಗುತ್ತದೆ, ಜೊತೆಗೆ ಸೌತೆಕಾಯಿ, ಕ್ಯಾರೆಟ್ಟು. ಬೀನ್ಸ್ 4 ಕಿಲೋ. ನಾರು ತುದಿ ತೆಗೆದರೆ ಮೂರೂವರೆ ಉಳಿಯುತ್ತದೆ, ಬೆಂದ ಮೇಲೆ ಇನ್ನೂ ಕುಗ್ಗುತ್ತದೆ. ಮೊಸರಿಗೆ 7 ಲೀಟರ್ ಹಾಲು. ತೆಂಗಿನಕಾಯಿ 8. ತುಪ್ಪ 1 ಕಿಲೋ ಸಾಕು, ಚಮಚದಲ್ಲಿ ಬಡಿಸಿದರೆ ಉಳಿಯುತ್ತದೆ ಕೂಡ. ಇದರ ಮೇಲೆ 2 ಕಿಲೋ ಅಕ್ಕಿ ಹೆಚ್ಚಿಗೆ ತಂದು ಬೇಯಿಸದೆ ಇಟ್ಟುಕೊಳ್ಳಬೇಕು.

ಈ ಬೇಯಿಸದೆ ಇಡುವುದೇ ಮುಖ್ಯ. ಎಲ್ಲ ಅನ್ನವನ್ನೂ ಬೆಳಿಗ್ಗೆಯೇ ಮಾಡಿ ಇಡಬೇಡಿ. ಅರ್ಧ ಮೊದಲು ಮಾಡಿ, ಮೊದಲ ಪಂಕ್ತಿ ಕೂತ ಕೂಡಲೇ ಅಂಗಳದ ತಲೆ ಎಣಿಸಿ, ಎರಡನೇ ಸಲ ಎಷ್ಟು ಹಾಕಬೇಕು ಅಂತ ಆಗ ತೀರ್ಮಾನ ಮಾಡಿ. ಜನ ಕಡಿಮೆ ಬಂದರೆ ಅಕ್ಕಿ ಡಬ್ಬದಲ್ಲೇ ಇರುತ್ತದೆ. ಹೆಚ್ಚು ಬಂದರೆ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ. ಇನ್ನೊಂದು ವಿಷಯ. ಸಾರಿಗೆ ಬಿಸಿನೀರು, ಒಂದಿಷ್ಟು ಹುಣಸೆರಸ, ಉಪ್ಪು ಖಾರ ಸೇರಿಸಿ ಹತ್ತು ಜನರನ್ನು ಸಂಭಾಳಿಸಬಹುದು. ಪಲ್ಯಕ್ಕೆ ಏನು ಸೇರಿಸುತ್ತೀರಿ? ಹಾಗಾಗಿ ಪಲ್ಯವನ್ನು ಮನೆಯವರೇ, ಕೈ ಹಿಡಿತ ಇರುವವರೇ ಬಡಿಸಬೇಕು.

ಬೇಸಿಗೆಯ ಊಟಕ್ಕೆ ಒಂದೆರಡು ಎಚ್ಚರಿಕೆ. ಹಾಲಿಗೆ ಹೆಪ್ಪು ರಾತ್ರಿ ಹತ್ತರ ಮೇಲೆ ಹಾಕಿ, ಸಂಜೆಯೇ ಹಾಕಿದರೆ ಮಧ್ಯಾಹ್ನಕ್ಕೆ ಹುಳಿ. ಕೋಸಂಬರಿಗೆ ಉಪ್ಪು ಎಲೆ ಹಾಕುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಚಿತ್ರಾನ್ನಕ್ಕೆ ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ. ತೆಂಗಿನಕಾಯಿ ಆ ದಿನವೇ ಒಡೆದು ತುರಿಯಿರಿ. ಬೀನ್ಸ್ ಮಾತ್ರ ಹಿಂದಿನ ರಾತ್ರಿ ಹೆಚ್ಚಿ ಒದ್ದೆ ಬಟ್ಟೆ ಮುಚ್ಚಿಟ್ಟುಕೊಳ್ಳಬಹುದು. ನಮ್ಮ ಮನೆಯಲ್ಲಿ ಅದನ್ನು ಹೆಚ್ಚಿದವನು ನನ್ನ ಮಗ, ಟಿ.ವಿ. ನೋಡುತ್ತಾ. ಒಂದೊಂದು ಚೂರೂ ಒಂದೊಂದು ಉದ್ದ. ಬೆಂದ ಮೇಲೆ ಯಾರಿಗೂ ಗೊತ್ತಾಗಲಿಲ್ಲ.

ಪಾತ್ರೆ ನಮ್ಮ ಸಂಘದ್ದೇ. ದೊಡ್ಡ ತಪ್ಪಲೆ ನಾಲ್ಕು, ಬಾಣಲೆ ಎರಡು, ಬಡಿಸುವ ಬಕೆಟ್ಟು, ಸೌಟು, ಲೋಟ ಎಲ್ಲ ಸೇರಿ ಒಂದು ದಿನಕ್ಕೆ 300 ರೂಪಾಯಿ ಬಾಡಿಗೆ. ಅಡಿಗೆಗೆ ಸಂಘದ ನಾಲ್ವರು. ಮೊದಲು ಮುಯ್ಯಾಳು ಅಂತ ಮಾಡೋಣ, ಇವತ್ತು ನೀನು ಬಾ, ನಾಳೆ ನಾನು ಬರುತ್ತೇನೆ ಅಂತ ಮಾತಾಡಿದ್ದೆವು. ಆದರೆ ಅವರಲ್ಲಿ ಒಬ್ಬರು ಕೂಲಿಯಿಂದಲೇ ಬದುಕುವವರು. ಗಂಡ ಇಲ್ಲ, ಮನೆಯಲ್ಲಿ ನಡೆಸುವ ಶುಭಕಾರ್ಯವೂ ಇಲ್ಲ. ಅವರ ಮುಯ್ಯಿ ನಾನು ಯಾವಾಗ ತೀರಿಸುವುದು? ಹಾಗಾಗಿ ನಾಲ್ವರಿಗೂ 400 ರೂಪಾಯಿಯಂತೆ ಕೂಲಿ ಕೊಟ್ಟೆವು. ಪ್ರೀತಿಯ ಕೆಲಸಕ್ಕೆ ದುಡ್ಡೆ ಅಂತ ನಮ್ಮಲ್ಲೇ ಇಬ್ಬರು ಮುಖ ಸಿಂಡರಿಸಿದರು. ಗಂಡಸು ಭಟ್ಟರು ಬಂದಿದ್ದರೆ ಯಾರೂ ಪ್ರೀತಿಯ ಮಾತು ಎತ್ತುತ್ತಿರಲಿಲ್ಲ.

ಇನ್ನು ಎರಡು ನಿಯಮ ಮಾಡಿದ್ದೆ. ಮೊದಲ ಪಂಕ್ತಿಗೆ ಬಡಿಸುವ ಮುನ್ನವೇ ಅಡಿಗೆಯವರ ಪಾಲು, ಎಂಟು ಎಲೆಯಷ್ಟು, ಬೇರೆ ಪಾತ್ರೆಯಲ್ಲಿ ಎತ್ತಿಟ್ಟು ಒಳಗೆ ಇಡಬೇಕು. ಏನೇ ಕಡಿಮೆ ಬಿದ್ದರೂ ಅದಕ್ಕೆ ಕೈ ಹಾಕುವಂತಿಲ್ಲ. ಎರಡನೆಯದು, ಬಸುರಿ ಮೊದಲ ಪಂಕ್ತಿಯಲ್ಲಿ ಕೂರಬೇಕು. ನಮ್ಮ ಸೀಮಂತಗಳಲ್ಲಿ ನೋಡಿದ್ದೀರಲ್ಲ, ಬೆಳಿಗ್ಗೆಯಿಂದ ರೇಷ್ಮೆ ಸೀರೆ ಉಡಿಸಿ, ಹೂವು ಮುಡಿಸಿ ಕೂರಿಸಿ, ಆರತಿ, ಬಳೆ, ಫೋಟೋ ಎಲ್ಲ ಮುಗಿಸಿ, ಗಂಡಸರ ಊಟ ಆದ ಮೇಲೆ ಮೂರು ಗಂಟೆಗೆ ಅವಳಿಗೆ ಎಲೆ. ಯಾರ ಹೆಸರಿನಲ್ಲಿ ಊಟವೋ ಅವಳು ಹಸಿದಿರುತ್ತಾಳೆ.

ಆ ದಿನ ಬಂದವರು ಎಪ್ಪತ್ತೊಂದು ಜನ. ಮೂವತ್ತು ಅಂದ ಬೀಗರ ಕಡೆಯಿಂದ ನಲವತ್ತೊಂದು. ಟೆಂಪೋದಿಂದ ಇಳಿಯುತ್ತಿದ್ದವರನ್ನು ಬಾಗಿಲಲ್ಲಿ ನಿಂತು ಎಣಿಸಿದೆ. ನಿಜ ಹೇಳುತ್ತೇನೆ, ನನ್ನ ತೋಳು ನಡುಗಿತು. ಆ ಹಳೆಯ ತೋಳೇ. ಒಳಗೆ ಹೋಗಿ ಹೇಳಿದರೆ ನಮ್ಮ ಕೂಲಿ ಅಕ್ಕ ತಲೆ ಎತ್ತದೆ, "ಹನ್ನೊಂದು ತಾನೆ, ಎಸರಿಗೆ ಇನ್ನೊಂದು ಚೊಂಬು ಹಾಕು" ಅಂದರು. ಎತ್ತಿಟ್ಟ 2 ಕಿಲೋ ಅಕ್ಕಿಯಲ್ಲಿ ಒಂದೂವರೆ ಕಿಲೋ ಬಿತ್ತು. ಸಾರು ಹಿಗ್ಗಿತು. ಒಬ್ಬಟ್ಟು ಮೂರನೇ ಪಂಕ್ತಿಯಲ್ಲಿ ನಮ್ಮ ಕಡೆಯವರಿಗೆ ಒಂದೊಂದೇ. ಪಲ್ಯ ಕೊನೆಯಲ್ಲಿ ಇಲ್ಲವಾಯಿತು, ಹಪ್ಪಳ ಎರಡೆರಡು ಹಾಕಿದೆವು. ಅಡಿಗೆಯವರ ಪಾಲು ಒಳಗೆ ಹಾಗೇ ಇತ್ತು.

ಬಡಿಸಿದವರು ನನ್ನ ಮಗ, ಅವನ ಇಬ್ಬರು ಗೆಳೆಯರು, ಮತ್ತೆ ಅಳಿಯ. ಅಳಿಯ ಪಂಚೆ ಎತ್ತಿ ಕಟ್ಟಿ ಸಾರಿನ ಬಕೆಟ್ಟು ಹಿಡಿದದ್ದು ನೋಡಿ ಅವರ ದೊಡ್ಡಪ್ಪ, "ಅಳಿಯನ ಕೈಲಿ ಬಡಿಸ್ಕೊಳ್ಳೋ ಗತಿ ಬಂತಾ ನಿಮಗೆ?" ಅಂತ ಎಲ್ಲರ ಮುಂದೆ ಅಂದರು. ಹುಡುಗ ಕೆಂಪಗಾದ. ಬಕೆಟ್ಟು ಮಾತ್ರ ಕೆಳಗಿಡಲಿಲ್ಲ. ಅವನು ಅಷ್ಟು ಮಾಡುತ್ತಾನೆ ಅಂತ ನಾನೂ ಅಂದುಕೊಂಡಿರಲಿಲ್ಲ. ಮಗಳು ಅಷ್ಟೊತ್ತಿಗೆ ಮೊದಲ ಪಂಕ್ತಿಯಲ್ಲಿ ಕೂತು ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು. ದೊಡ್ಡಪ್ಪನವರು ಎಲೆ ಅಡಿಕೆ ತೆಗೆದುಕೊಳ್ಳದೆ ಹೊರಟರು.

ಮೂರನೇ ಪಂಕ್ತಿಯಲ್ಲಿ ಅಡಿಗೆಯವರ ಜೊತೆ ನಾನೂ ಕೂತೆ. ನಮ್ಮ ಯಜಮಾನರು ಅನ್ನದ ಬೋಗುಣಿ ಹಿಡಿದು ಬಂದರು. ನನ್ನ ಎಲೆಗೆ ಬಡಿಸಿ, "ಅನ್ನ ಸಾಕಾ?" ಅಂದರು. ಆ ಹಳೆಯ ಭಾನುವಾರ ಅವರಿಗೆ ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ. ಇನ್ನೂ ಸ್ವಲ್ಪ ಹಾಕಿ ಅಂದೆ.

ಒಟ್ಟು ಖರ್ಚು ಶಾಮಿಯಾನ, ಗ್ಯಾಸು, ಎಲೆ, ತಾಂಬೂಲ ಎಲ್ಲ ಸೇರಿ 9,930 ರೂಪಾಯಿ. ಅದರಲ್ಲಿ ಒಬ್ಬಟ್ಟಿಗೆ 2,100, ಅಡಿಗೆಯವರಿಗೆ 1,600, ಪಾತ್ರೆಗೆ 300. ಅಂದರೆ 4,000 ರೂಪಾಯಿ ನಮ್ಮ ಸಂಘಕ್ಕೂ ಸಂಘದ ಹೆಂಗಸರಿಗೂ ಬಂತು. ಸಂಘದಿಂದ 10,000 ಸಾಲ ತೆಗೆದೆ. ಉದ್ದೇಶದ ಕಡೆ "ಮಗಳ ಸೀಮಂತದ ಊಟ" ಅಂತಲೇ ಬರೆಸಿದೆ. ತಿಂಗಳಿಗೆ 1,000 ಅಸಲಿನಂತೆ ಹತ್ತು ತಿಂಗಳಲ್ಲಿ ತೀರಿತು, ಬಡ್ಡಿ ಒಟ್ಟು 1,100.

ಎಲ್ಲ ಸುಖವಾಯಿತು ಅಂತ ಹೇಳಲಾರೆ. ಉಂಗುರದ ಮಾತು ಬಾಣಂತನದಲ್ಲಿ ಒಂದು ಸಲ ಬಂತು, ತೊಟ್ಟಿಲಿನ ದಿನ ಮತ್ತೊಂದು ಸಲ ಬಂತು. ಪ್ರತಿ ಸಲವೂ ಯಾರು, ಯಾವ ದಿನ, ಯಾವ ಮಾತಿನಲ್ಲಿ ಕೇಳಿದರು ಅಂತ ಮಗಳು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಪುಸ್ತಕ ನನ್ನ ಹತ್ತಿರ ಇದೆ. ಸಂಜೆಯ ಫೋನು ಈಗಲೂ ನಡೆಯುತ್ತಿದೆ. ಉಪ್ಪಿನಕಾಯಿ ಅವಳು ಇನ್ನೂ ಕೇಳಿಲ್ಲ.

ಬರುವ ತಿಂಗಳು ನಮ್ಮ ಸಂಘದ ಇನ್ನೊಬ್ಬರ ಮನೆಯಲ್ಲಿ ನಿಶ್ಚಿತಾರ್ಥ ಇದೆ. ಐವತ್ತು ಎಲೆ ಅಂತ ಅವರು ಗಂಡಿನ ಕಡೆಯವರಿಗೆ ಹೇಳಿದ್ದಾರೆ, ಗಂಡಿನ ಕಡೆಯವರು ಇನ್ನೂ ಒಪ್ಪಿಲ್ಲ. ಮಾತಾಡಲು ಈ ಗುರುವಾರ ನಾಲ್ಕು ಜನ ಜೊತೆಗೆ ಹೋಗಬೇಕು, ಆಮೇಲೆ ಅಡಿಗೆಗೆ ನಾಲ್ಕು ಜನ ಬೇಕು. ಯಾರು ಯಾರು ಬರುತ್ತೀರಿ, ಕೈ ಎತ್ತಿ. ಹೆಸರು ಬರೆದುಕೊಳ್ಳುತ್ತೇನೆ.